ಸ್ಕ್ರಾಲ್ ಸಾ ಕೊಳ್ಳುವ ಮುನ್ನ ಅದು ಬ್ಲೇಡನ್ನು ಹಿಡಿಯುವ ಬಗೆಯನ್ನು ನೋಡಿ

ತೆಳು ಬ್ಲೇಡನ್ನು ಏರಿಳಿಸುತ್ತಾ ಮರದಲ್ಲಿ ಸೂಕ್ಷ್ಮ ತಿರುವುಗಳನ್ನು ಕೊಯ್ಯುವ ಯಂತ್ರವೇ ಸ್ಕ್ರಾಲ್ ಸಾ. ಅದನ್ನು ಮಾರುವವರು ಮೊದಲು ಹೇಳುವುದು ಮೂರು ಅಂಕಿಗಳನ್ನು: ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಂತರ, ನಿಮಿಷಕ್ಕೆ ಬ್ಲೇಡ್ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ, ಮತ್ತು ಎಷ್ಟು ದಪ್ಪದ ಮರವನ್ನು ಕೊಯ್ಯಬಹುದು ಎಂಬ ಮಿತಿ. ಇವುಗಳಲ್ಲಿ ಕೊನೆಯ ಎರಡು ಹೆಚ್ಚುಕಡಿಮೆ ಎಲ್ಲ ಯಂತ್ರಗಳಲ್ಲೂ ಒಂದೇ. ನಿಮಿಷಕ್ಕೆ 400ರಿಂದ 1600 ಅಥವಾ 1750 ಏರಿಳಿತ, ಸುಮಾರು 2 ಇಂಚು ದಪ್ಪದ ಮರ ಎಂಬ ಮಾತು ಅತಿ ಅಗ್ಗದ ಯಂತ್ರದ ಪೆಟ್ಟಿಗೆಯ ಮೇಲೂ ಇರುತ್ತದೆ, ಅದರ ಹಲವು ಪಟ್ಟು ಬೆಲೆಯ ಯಂತ್ರದ ಕೈಪಿಡಿಯಲ್ಲೂ ಇರುತ್ತದೆ. ಮೊದಲನೆಯ ಅಂಕಿಯೂ ಹವ್ಯಾಸಿಗೆ ಅಷ್ಟೇನೂ ನಿರ್ಣಾಯಕವಲ್ಲ, ಏಕೆಂದರೆ ನಾವು ಮಾಡುವ ಪೆಟ್ಟಿಗೆ, ಜಾಲರಿ, ಆಟಿಕೆ, ಅಕ್ಷರಫಲಕಗಳಲ್ಲಿ ಬಹುಪಾಲು 16 ಇಂಚಿನೊಳಗೆ ಮುಗಿಯುತ್ತವೆ. ಹಲವು ಬಗೆಯ ಯಂತ್ರಗಳ ಮುಂದೆ ಕುಳಿತು ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಯಂತ್ರದ ಯೋಗ್ಯತೆ ತಿಳಿಯುವುದು ಅದು ಬ್ಲೇಡನ್ನು ಹೇಗೆ ಹಿಡಿಯುತ್ತದೆ, ಎಷ್ಟು ಸಮವಾಗಿ ಬಿಗಿದಿಡುತ್ತದೆ, ಎಷ್ಟು ನೇರವಾಗಿ ಏರಿಳಿಸುತ್ತದೆ ಎಂಬುದರಿಂದ. ಈ ಮೂರನ್ನು ಯಾರೂ ಪೆಟ್ಟಿಗೆಯ ಮೇಲೆ ಮುದ್ರಿಸುವುದಿಲ್ಲ.

ಇಲ್ಲಿ ನಾಲ್ಕು ಬಗೆಯ ಯಂತ್ರಗಳನ್ನು ಹೋಲಿಸಿ ಬರೆಯುತ್ತಿದ್ದೇನೆ. ಒಂದು, ಈ ಹವ್ಯಾಸಕ್ಕೆ ಇಳಿದಾಗ ಕೊಂಡ 16 ಇಂಚಿನ ಯಂತ್ರ. ಅದೇ ಅಚ್ಚಿನ ಯಂತ್ರಗಳು ಬೇರೆ ಬೇರೆ ಬಣ್ಣ ಮತ್ತು ಹೆಸರುಗಳಲ್ಲಿ ಸಿಗುವುದರಿಂದ ಅದರ ಹೆಸರು ಇಲ್ಲಿ ಮುಖ್ಯವಲ್ಲ. ಎರಡು, ಈಗ ನಾನು ಬಳಸುತ್ತಿರುವ 20 ಇಂಚಿನ ಡಿವಾಲ್ಟ್ ಡಿಡಬ್ಲ್ಯು 788. ಉಳಿದೆರಡು, ಎಕ್ಸ್‌ಕ್ಯಾಲಿಬರ್ ಮಾದರಿಯ 21 ಇಂಚಿನ ಯಂತ್ರ ಮತ್ತು ಜರ್ಮನಿಯ ಹೆಗ್ನರ್. ಇವು ನನ್ನವಲ್ಲ, ಇದೇ ಹವ್ಯಾಸದ ಗೆಳೆಯರ ಕಾರ್ಯಾಗಾರಗಳಲ್ಲಿ ಇಡೀ ಕೆಲಸಗಳನ್ನೇ ಅವುಗಳ ಮೇಲೆ ಮುಗಿಸಿದ್ದರಿಂದ ಅವುಗಳ ಬಗ್ಗೆ ಧೈರ್ಯವಾಗಿ ಬರೆಯಬಲ್ಲೆ.

ಬ್ಲೇಡನ್ನು ಹಿಡಿದಿಡುವ ತೋಳಿನ ರಚನೆಯನ್ನು ಅರ್ಥ ಮಾಡಿಕೊಳ್ಳದೆ ಹೋಲಿಕೆಗೆ ಹೊರಟರೆ ದಾರಿ ತಪ್ಪುತ್ತದೆ. ಹಳೆಯ ಕಾಲದ ಯಂತ್ರಗಳಲ್ಲಿ ಮೇಲಿನ ತೋಳು ಕದಲುತ್ತಿರಲಿಲ್ಲ. ಮೋಟರ್ ಬ್ಲೇಡನ್ನು ಕೆಳಗೆ ಎಳೆಯುತ್ತಿತ್ತು, ತೋಳಿನ ತುದಿಯ ಸ್ಪ್ರಿಂಗ್ ಅದನ್ನು ಮತ್ತೆ ಮೇಲಕ್ಕೆ ಸೆಳೆಯುತ್ತಿತ್ತು. ಪ್ರತಿ ಏರಿಳಿತದಲ್ಲೂ ಬಿಗಿತ ಬದಲಾಗುತ್ತಿದ್ದುದರಿಂದ ಸಣ್ಣ ಬ್ಲೇಡುಗಳು ಬೇಗ ತುಂಡಾಗುತ್ತಿದ್ದವು. ಸಿ ಆಕಾರದ ತೋಳಿನಲ್ಲಿ ಬ್ಲೇಡಿನ ಎರಡೂ ತುದಿಗಳು ಒಂದೇ ಚೌಕಟ್ಟಿಗೆ ಸೇರಿಕೊಂಡು ಹಿಂದಿನ ಒಂದೇ ಕೀಲಿನ ಮೇಲೆ ತೂಗುತ್ತವೆ. ಬಿಗಿತ ಸಮವಾಗಿರುತ್ತದೆ, ಕೊಯ್ತವೂ ಚುರುಕು, ಆದರೆ ಬ್ಲೇಡ್ ಕಮಾನಿನ ಹಾದಿಯಲ್ಲಿ ಓಲಾಡುವುದರಿಂದ ಚೂಪಾದ ತಿರುವುಗಳು ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಸಮಾನಾಂತರ ತೋಳಿನ ಯಂತ್ರದಲ್ಲಿ ಮೇಲೊಂದು ಕೆಳಗೊಂದು ಉದ್ದದ ತೋಳುಗಳು ತಮ್ಮ ತಮ್ಮ ಕೀಲಿನ ಮೇಲೆ ಆಡುತ್ತವೆ. ಹಿಂದುಗಡೆ ಬಿಗಿತದ ಸಲಾಕೆ, ಮುಂದುಗಡೆ ಬ್ಲೇಡ್, ಹೀಗೆ ನಾಲ್ಕು ಬದಿ ಸೇರಿ ಸಮಾನಾಂತರ ಚತುರ್ಭುಜವಾಗುತ್ತದೆ, ಬ್ಲೇಡ್ ಎಲ್ಲ ಸ್ಥಾನದಲ್ಲೂ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಹೆಗ್ನರ್ ಈ ಜಾತಿಗೆ ಸೇರಿದ್ದು. ಡಿವಾಲ್ಟ್ ಮತ್ತು ಎಕ್ಸ್‌ಕ್ಯಾಲಿಬರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅವುಗಳಲ್ಲಿ ಹೊರಗೆ ಕಾಣುವ ತೋಳು ಬರಿಯ ಕವಚ. ಅದರೊಳಗೆ ಸಲಾಕೆಯೊಂದು ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಮುಂದಿನ ತುದಿಯಲ್ಲಿರುವ ಗಿಡ್ಡ ಕೊಂಡಿ ಆ ಓಡಾಟವನ್ನು ಏರಿಳಿತವಾಗಿ ತಿರುಗಿಸುತ್ತದೆ. ಏರಿಳಿಯುವ ಲೋಹದ ತೂಕ ಕಡಿಮೆಯಾದಷ್ಟೂ ನಡುಕ ಕಡಿಮೆ ಎಂಬ ಸರಳ ತರ್ಕ ಇದರ ಹಿಂದಿದೆ, ಮತ್ತು ಕೆಲಸದಲ್ಲಿ ಅದು ನಿಜವೆಂದು ಬೆರಳಿಗೇ ತಿಳಿಯುತ್ತದೆ.

ಆರಂಭಿಕ 16 ಇಂಚಿನ ಯಂತ್ರವನ್ನು ಬಹಳ ಜನ ಹೀಗಳೆಯುತ್ತಾರೆ. ನಾನು ಹಾಗೆ ಮಾಡಲಾರೆ. ಎರಕದ ಕಬ್ಬಿಣದ ತಳವಿರುವ, ವೇಗ ಬದಲಿಸಬಲ್ಲ, ತುದಿಗಳಲ್ಲಿ ಅಡ್ಡಪಿನ್ ಇರುವ ಮತ್ತು ಪಿನ್ ಇಲ್ಲದ ಬ್ಲೇಡುಗಳೆರಡನ್ನೂ ಹಿಡಿಯುವ ಯಂತ್ರವಾದರೆ ಅದರಲ್ಲಿ ಕಲಿಯಬೇಕಾದದ್ದನ್ನೆಲ್ಲ ಕಲಿಯಬಹುದು. ಆದರೆ ಈ ಕೊನೆಯ ಷರತ್ತನ್ನು ಸಡಿಲಿಸಬಾರದು. ಪಿನ್ ಬ್ಲೇಡನ್ನು ಸಿಕ್ಕಿಸುವುದು ಸುಲಭ ನಿಜ, ಆದರೆ ಮರದ ಒಳಭಾಗವನ್ನು ಕೊಯ್ಯಲು ಆ ಅಡ್ಡಪಿನ್ನು ತೂರುವಷ್ಟು ದೊಡ್ಡ ರಂಧ್ರ ಬೇಕು. ಪಿನ್ ಇಲ್ಲದ ಸಣ್ಣ ಬ್ಲೇಡಿಗೆ ಒಂದೂವರೆ ಮಿಲಿಮೀಟರಿನ ರಂಧ್ರ ಸಾಕು. ಬಳ್ಳಿಯ ಸುರುಳಿ, ಹೂವಿನ ಎಸಳು, ಜಾಲಂಧ್ರದ ಸಣ್ಣ ಕಿಂಡಿ ಇವೆಲ್ಲ ಈ ಎರಡನೆಯ ಜಾತಿಯ ಬ್ಲೇಡಿನಿಂದಲೇ ಆಗಬೇಕಾದ ಕೆಲಸಗಳು. ಪಿನ್ ಬ್ಲೇಡ್ ಮಾತ್ರ ಹಿಡಿಯುವ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ.

ಆ ನನ್ನ ಯಂತ್ರದ ನಿಜವಾದ ಕೊರತೆ ಎರಡು ಕಡೆ ಇತ್ತು. ಬ್ಲೇಡ್ ಬದಲಿಸಲು ಆಲೆನ್ ಕೀ ಬೇಕು. ಹತ್ತಾರು ಕಿಂಡಿಗಳಿರುವ ಜಾಲರಿಯಲ್ಲಿ ಪ್ರತಿ ಕಿಂಡಿಗೂ ಬ್ಲೇಡನ್ನು ಬಿಚ್ಚಿ, ರಂಧ್ರಕ್ಕೆ ಪೋಣಿಸಿ, ಮತ್ತೆ ಸಿಕ್ಕಿಸಬೇಕಾಗಿರುವುದರಿಂದ ಕೊಯ್ಯುವುದಕ್ಕಿಂತ ಬಿಚ್ಚಿ ಕಟ್ಟುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಗಿತದ ತಿರುಪಣಿ ಹಿಂದುಗಡೆ ಇದ್ದುದರಿಂದ ಪ್ರತಿ ಸಲವೂ ತೋಳಿನಾಚೆ ಕೈಚಾಚಬೇಕು, ಹಿಂದಿನ ಬಿಗಿತ ಎಷ್ಟಿತ್ತೆಂದು ಅಂದಾಜಿನ ಮೇಲೆ ಮರಳಿ ಹೊಂದಿಸಬೇಕು. ಇನ್ನು ನಡುಕ. ಹಗುರ ಮೇಜಿನ ಮೇಲಿಟ್ಟರೆ ವೇಗ ಏರಿಸಿದಾಗ ಪೆನ್ಸಿಲ್ ಗೆರೆಯೇ ಮಸುಕಾಗಿ ಕಾಣುತ್ತಿತ್ತು. ಭಾರದ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿ, ಕೆಳಗೆ ರಬ್ಬರ್ ಹಾಸಿ, ಕಾಲುಗಳ ನಡುವೆ ಮರಳಿನ ಚೀಲವಿಟ್ಟ ಮೇಲೆ ಅದೇ ಯಂತ್ರ ಎಷ್ಟೋ ಶಾಂತವಾಯಿತು. ಯಾವ ಯಂತ್ರ ಕೊಂಡರೂ ಅದು ಕೂರುವ ಸ್ಥಳಕ್ಕೆ ಗಮನ ಕೊಡಿ. ಮೂರು ಕಾಲಿನ ನಿಲುವು ನೆಲ ಏರುಪೇರಾಗಿದ್ದರೂ ಅಲುಗದೆ ನಿಲ್ಲುತ್ತದೆ ಎಂಬುದು ಅದರ ದೊಡ್ಡ ಗುಣ.

ಡಿಡಬ್ಲ್ಯು 788 ಸುಮಾರು 25 ಕಿಲೋ ತೂಗುತ್ತದೆ. ಅದರ ಗುಂಡಿ, ವೇಗದ ತಿರುಗಣೆ, ಬಿಗಿತದ ಸನ್ನೆ, ಬ್ಲೇಡಿನ ಮೇಲ್ತುದಿಯನ್ನು ಹಿಡಿಯುವ ಕ್ಲ್ಯಾಂಪ್ ಎಲ್ಲವೂ ಮೇಲಿನ ತೋಳಿನ ಮುಂತುದಿಯಲ್ಲಿ, ಕೈಗೆ ಸಿಗುವಲ್ಲೇ ಇವೆ. ಕಾಗದದ ಮೇಲೆ ಇದು ಸಣ್ಣ ಸೌಲಭ್ಯವೆನಿಸಬಹುದು. ಆದರೆ ಸನ್ನೆಯನ್ನು ಸಡಿಲಿಸಿ, ಕ್ಲ್ಯಾಂಪಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿ, ಬ್ಲೇಡನ್ನು ಮುಂದಿನ ಕಿಂಡಿಗೆ ಪೋಣಿಸಿ, ಮತ್ತೆ ಅದೇ ಅಂಕಿಗೆ ಸನ್ನೆ ಎಳೆಯುವ ಕೆಲಸ ಕುಳಿತಲ್ಲಿಂದ ಏಳದೆ ಕೆಲವೇ ಕ್ಷಣಗಳಲ್ಲಿ ಮುಗಿಯುವಾಗ ಜಾಲರಿ ಕೆಲಸದ ಬೇಸರವೇ ಹೋಗುತ್ತದೆ. ಏರಿಳಿತದ ಉದ್ದ ಮುಕ್ಕಾಲು ಇಂಚು. ಮೇಜು ಎಡಕ್ಕೂ ಬಲಕ್ಕೂ 45 ಡಿಗ್ರಿ ವಾಲುತ್ತದೆ. ಇದರ ಮಿತಿಯನ್ನೂ ಹೇಳಬೇಕು: ತೋಳನ್ನು ಹೆಚ್ಚು ಎತ್ತಲಾಗದು, ಎತ್ತಿದ್ದು ತಾನಾಗಿ ಮೇಲೆ ನಿಲ್ಲುವುದೂ ಇಲ್ಲ. ಆದ್ದರಿಂದ ಮರದ ಹಲಗೆಯನ್ನು ಮೇಲಿನಿಂದ ಬ್ಲೇಡಿಗೆ ಪೋಣಿಸುವ ಅಭ್ಯಾಸವಿರುವವರಿಗೆ ಇದು ತುಸು ಇಕ್ಕಟ್ಟು. ಕೆಳಗಿನ ಕ್ಲ್ಯಾಂಪಿನಲ್ಲಿ ಬ್ಲೇಡನ್ನು ಹಾಗೇ ಬಿಟ್ಟು, ಮೇಲಿನ ತುದಿಯನ್ನು ಬೆರಳಿನಿಂದ ಸ್ವಲ್ಪ ಬಾಗಿಸಿ ರಂಧ್ರಕ್ಕೆ ತೋರಿಸುವುದನ್ನು ರೂಢಿ ಮಾಡಿಕೊಂಡರೆ ತೊಡಕಿಲ್ಲ.

ಎಕ್ಸ್‌ಕ್ಯಾಲಿಬರ್ ವಂಶದ ಯಂತ್ರಗಳ ಮುಂದೆ ಕುಳಿತಾಗ ಈ ಇಕ್ಕಟ್ಟು ಮಾಯವಾಗುತ್ತದೆ. ಕೆನಡಾದಲ್ಲಿ ಹುಟ್ಟಿದ ಈ ವಿನ್ಯಾಸವನ್ನು ಈಗ ಪೇಗಸ್, ಸೇಕೋ ಮುಂತಾದ ಹೆಸರಿನ ಯಂತ್ರಗಳಲ್ಲಿ ಕಾಣಬಹುದು. ತೋಳು ಎತ್ತರಕ್ಕೆ ಏಳುತ್ತದೆ, ಎದ್ದಲ್ಲೇ ನಿಲ್ಲುತ್ತದೆ, ಎರಡೂ ಕೈಯಲ್ಲಿ ಹಲಗೆ ಹಿಡಿದು ಬ್ಲೇಡಿನ ಮೇಲೆ ಇಳಿಸಬಹುದು. ಇದಕ್ಕಿಂತ ದೊಡ್ಡ ಗುಣವೆಂದರೆ ಓರೆ ಕೊಯ್ತಕ್ಕೆ ಮೇಜು ವಾಲುವುದಿಲ್ಲ, ಯಂತ್ರದ ತಲೆಯೇ ವಾಲುತ್ತದೆ. ಎರಡು ಬಣ್ಣದ ಮರಗಳನ್ನು ಒಂದರ ಮೇಲೊಂದು ಅಂಟಿಸಿ, ಕೆಲವೇ ಡಿಗ್ರಿ ಓರೆಯಲ್ಲಿ ಒಟ್ಟಿಗೆ ಕೊಯ್ದು, ಒಂದರ ತುಂಡನ್ನು ಇನ್ನೊಂದರ ಕಿಂಡಿಗೆ ಬಿರುಕಿಲ್ಲದೆ ಕೂರಿಸುವ ಕೆಲಸವಿದೆಯಲ್ಲ, ಅದರಲ್ಲಿ ವಾಲಿದ ಮೇಜಿನ ಮೇಲೆ ಹಲಗೆ ಸದಾ ಜಾರಲು ನೋಡುತ್ತಿರುತ್ತದೆ; ಮಟ್ಟಸವಾದ ಮೇಜಿನ ಮೇಲೆ ಕೈಗೆ ಕೊಯ್ಯುವುದೊಂದೇ ಕೆಲಸ. ಬೀಟೆಯ ಎಲೆಯನ್ನು ತಿಳಿ ಬಣ್ಣದ ಮರದಲ್ಲಿ ಹೀಗೆ ಕೂರಿಸಿ ನೋಡಿದ್ದೇನೆ. ಎಲೆಯ ತುದಿಯಲ್ಲಿ ಹಲಗೆಯನ್ನು ಬ್ಲೇಡಿನ ಸುತ್ತ ತಿರುಗಿಸುವಾಗ ಅದು ಮೇಜಿನ ಮೇಲೆ ಒಂದೇ ಮಟ್ಟದಲ್ಲಿ ಸುತ್ತಿತು, ತುಂಡು ಒತ್ತಿದಾಗ ಅಂಚಿನಲ್ಲಿ ಬೆಳಕು ಹಾಯುವಷ್ಟೂ ಜಾಗ ಉಳಿಯಲಿಲ್ಲ. ಒಳಸೇರಿಕೆ ಕೆಲಸವೇ ನಿಮ್ಮ ಮುಖ್ಯ ಆಸಕ್ತಿಯಾದರೆ ಉಳಿದ ಗುಣದೋಷಗಳನ್ನು ಬದಿಗಿಟ್ಟು ಈ ವಂಶದ ಯಂತ್ರವನ್ನೇ ಆರಿಸಿಕೊಳ್ಳಿ.

ಹೆಗ್ನರ್ ಬೇರೆಯದೇ ಮನೋಧರ್ಮದ ಯಂತ್ರ. ಬ್ಲೇಡಿನ ಎರಡೂ ತುದಿಗೆ ಪುಟ್ಟ ಕ್ಲ್ಯಾಂಪುಗಳನ್ನು ಬಿಗಿದು, ಅವನ್ನು ತೋಳಿನ ತುದಿಯ ವಿ ಆಕಾರದ ಕಚ್ಚಿನಲ್ಲಿ ಕೂರಿಸಬೇಕು. ಏರಿಳಿಯುವಾಗ ಕ್ಲ್ಯಾಂಪುಗಳು ಆ ಕಚ್ಚಿನಲ್ಲಿ ತಕ್ಕಡಿಯ ದಂಡಿಗೆಯಂತೆ ಓಲಾಡುವುದರಿಂದ ಬ್ಲೇಡ್ ಬುಡದಲ್ಲಿ ಮಡಚಿಕೊಳ್ಳುವ ಒತ್ತಡಕ್ಕೆ ಒಳಗಾಗುವುದಿಲ್ಲ. ಕೂದಲಿನಷ್ಟು ತೆಳುವಾದ ಬ್ಲೇಡುಗಳೂ ಅದರಲ್ಲಿ ಚೆನ್ನಾಗಿ ಬಾಳುವುದಕ್ಕೆ ಇದು ಮುಖ್ಯ ಕಾರಣ. ಬ್ಲೇಡ್ ಬದಲಿಸುವುದು ನಿಧಾನ, ರೂಪವೂ ಹಳೆಯ ಕಾಲದ್ದೆನಿಸುತ್ತದೆ. ಆದರೆ ಬಿಚ್ಚಿ ಜೋಡಿಸಲಾಗದ ಭಾಗ ಅದರಲ್ಲಿ ಕಡಿಮೆ. ತಾಳ್ಮೆಯುಳ್ಳವರು ಹಳೆಯ ಹೆಗ್ನರ್ ಸಿಕ್ಕರೆ ಬಿಡಬಾರದು.

ಯಂತ್ರಕ್ಕೆ ಕೊಡುವ ಗಮನದ ಅರ್ಧವನ್ನಾದರೂ ಬ್ಲೇಡಿಗೆ ಕೊಡಬೇಕು. ಪಿನ್ ಇಲ್ಲದ ಬ್ಲೇಡುಗಳು 5 ಇಂಚು ಉದ್ದ; ಅಂಕಿ ಹೆಚ್ಚಾದಂತೆ ಅಗಲ ಮತ್ತು ದಪ್ಪ ಹೆಚ್ಚು, ಸೊನ್ನೆಗಳು ಹೆಚ್ಚಾದಂತೆ ಸಣ್ಣದು. 5ನೇ ಸಂಖ್ಯೆಯದು ಸುಮಾರು ಒಂದು ಮಿಲಿಮೀಟರ್ ಅಗಲವಿದ್ದು ಮುಕ್ಕಾಲು ಇಂಚಿನ ಮರಕ್ಕೆ ಹೇಳಿ ಮಾಡಿಸಿದಂತಿದೆ. ಆರು ಮಿಲಿಮೀಟರಿನ ಪ್ಲೈವುಡ್ಡಿಗೆ 1 ಅಥವಾ 3, ತೆಳು ಹಾಳೆಗೆ 2/0 (ಅಂದರೆ ಎರಡು ಸೊನ್ನೆ), ಒಂದೂವರೆ ಇಂಚಿನ ಗಟ್ಟಿ ಮರಕ್ಕೆ 9 ಅಥವಾ 12. ಒಂದು ಹಲ್ಲು ಬಿಟ್ಟು ಒಂದು ಹಲ್ಲಿರುವ ಬ್ಲೇಡುಗಳು ಹೊಟ್ಟನ್ನು ಚೆನ್ನಾಗಿ ಹೊರಹಾಕುತ್ತವೆ, ಬಿಸಿಯಾಗುವುದು ಕಡಿಮೆ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡುಗಳು ಪ್ಲೈವುಡ್ಡಿನ ಅಡಿಭಾಗ ಸಿಬಿರೇಳುವುದನ್ನು ತಡೆಯುತ್ತವೆ, ಆದರೆ ಅವನ್ನು ಸಿಕ್ಕಿಸುವಾಗ ಏರಿಳಿತದ ತುತ್ತತುದಿಯಲ್ಲಿ ಎರಡು ಮೂರು ಮೇಲ್ಮುಖದ ಹಲ್ಲುಗಳು ಮಾತ್ರ ಮೇಜಿನಿಂದ ಮೇಲೆ ಕಾಣುವಂತೆ ಎತ್ತರ ಹೊಂದಿಸಬೇಕು; ಇಲ್ಲವಾದರೆ ಅವು ಮರವನ್ನು ಮುಟ್ಟುವುದೇ ಇಲ್ಲ ಅಥವಾ ಹಲಗೆಯನ್ನೇ ಮೇಲೆತ್ತುತ್ತವೆ. ಸುರುಳಿ ಬ್ಲೇಡು ಎಲ್ಲ ದಿಕ್ಕಿಗೂ ಕೊಯ್ಯುತ್ತದೆ, ಹಲಗೆ ತಿರುಗಿಸಬೇಕಾಗಿಲ್ಲ. ಬದಲಿಗೆ ಸೀಳು ಅಗಲವಾಗುತ್ತದೆ, ಅಂಚು ಒರಟಾಗುತ್ತದೆ. ಮುಖಚಿತ್ರಗಳ ಕೊಯ್ತವನ್ನು ಬಿಟ್ಟರೆ ನನಗೆ ಅದು ಇಷ್ಟವಿಲ್ಲ.

ಹೊಸಬರನ್ನು ಹೆಚ್ಚು ಕಾಡುವುದು ಬ್ಲೇಡ್ ಗೆರೆ ಬಿಟ್ಟು ಒಂದು ಪಕ್ಕಕ್ಕೆ ಸರಿಯುವ ಸಮಸ್ಯೆ. ಇದು ಯಂತ್ರದ ದೋಷವಲ್ಲ. ಬ್ಲೇಡ್ ತಯಾರಿಸುವಾಗ ಅದರ ಒಂದು ಮಗ್ಗುಲಿನಲ್ಲಿ ಸಣ್ಣ ಮುಳ್ಳಿನಂಥ ಅಂಚು ಉಳಿದುಕೊಳ್ಳುತ್ತದೆ, ಆ ಮಗ್ಗುಲು ಹೆಚ್ಚು ಕೊಯ್ಯುತ್ತದೆ, ಆದ್ದರಿಂದ ಸೀಳು ಅತ್ತಲೇ ವಾಲುತ್ತದೆ. ಹಲಗೆಯನ್ನು ನೇರವಾಗಿ ತಳ್ಳದೆ ಕೆಲವು ಡಿಗ್ರಿ ಓರೆಯಾಗಿ ಹಿಡಿದು ತಳ್ಳಿದರೆ ಗೆರೆ ನೆಟ್ಟಗೆ ಬರುತ್ತದೆ. ಸ್ವಲ್ಪ ದಿನದಲ್ಲಿ ಕೈ ಇದನ್ನು ತಾನೇ ಮಾಡಿಕೊಳ್ಳುತ್ತದೆ. ನುಣ್ಣಗೆ ಸಾಣೆ ಹಿಡಿದು ಮಾಡಿದ ಬ್ಲೇಡುಗಳಲ್ಲಿ ಈ ಸರಿತ ಬಹಳ ಕಡಿಮೆ. ಇನ್ನು ಆಯಸ್ಸಿನ ಮಾತು: ಗಟ್ಟಿ ಮರದಲ್ಲಿ ಒಂದು ಬ್ಲೇಡು ಅರ್ಧ ಗಂಟೆ ಚುರುಕಾಗಿ ಕೊಯ್ದರೆ ಅದು ತನ್ನ ಕೆಲಸ ಮುಗಿಸಿದಂತೆಯೇ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಷ್ಟೂ ಬಾಳುವುದಿಲ್ಲ. ಮೊಂಡಾದ ಬ್ಲೇಡನ್ನು ಒತ್ತಿ ಒತ್ತಿ ದುಡಿಸಿದರೆ ಅದು ಹಿಂದಕ್ಕೆ ಬಾಗುತ್ತದೆ, ಅಂಚು ಸುಡುತ್ತದೆ, ತಿರುವಿನಲ್ಲಿ ಸೀಳಿನ ಗೋಡೆ ನೆಟ್ಟಗಿರದೆ ಹೊಟ್ಟೆ ಬಿಡುತ್ತದೆ. ಸುಡುವ ಸ್ವಭಾವದ ಮರವಾದರೆ ಹಲಗೆಗೆ ಅಂಟಿಸಿದ ನಮೂನೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ ಕೊಯ್ಯಿರಿ. ಟೇಪು ಬ್ಲೇಡಿಗೆ ಜಾರುಗುಣ ಕೊಟ್ಟು ಕಪ್ಪಾಗುವುದನ್ನು ಗಮನಾರ್ಹವಾಗಿ ತಗ್ಗಿಸುತ್ತದೆ.

ಬಿಗಿತವನ್ನು ಬೆರಳಿನಿಂದಲೂ ಕಿವಿಯಿಂದಲೂ ಅಳೆಯಬಹುದು. ಬ್ಲೇಡನ್ನು ಪಕ್ಕಕ್ಕೆ ಒತ್ತಿದರೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಸರಿಯಬಾರದು, ಮೀಟಿದರೆ ತಂತಿಯಂತೆ ಸ್ಪಷ್ಟವಾದ ಏರುದನಿ ಹೊರಡಬೇಕು. ಬಿಗಿ ಮಾಡಿದ ಮೇಲೂ ದನಿ ಮಂದವಾಗಿಯೇ ಇದ್ದರೆ ಬ್ಲೇಡ್ ಕ್ಲ್ಯಾಂಪಿನಲ್ಲಿ ಜಾರುತ್ತಿದೆ ಎಂದರ್ಥ. ಇಂಥ ಜಾರುವಿಕೆಗೆ ಹೆಚ್ಚಿನ ಸಲ ಕಾರಣವಾಗುವುದು ಹೊಸ ಬ್ಲೇಡಿಗೆ ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ. ಎರಡೂ ತುದಿಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಣ್ಣ ಮರಳು ಕಾಗದದಿಂದ ಒಮ್ಮೆ ಉಜ್ಜಿದರೆ ಹಿಡಿತ ಸಿಗುತ್ತದೆ. ಕ್ಲ್ಯಾಂಪಿನ ತಿರುಪಿನ ತುದಿಯೂ ಕಾಲಕ್ರಮೇಣ ಸವೆದು ನುಣುಪಾಗುತ್ತದೆ; ಅದನ್ನು ಆಗಾಗ ಬಿಚ್ಚಿ ತುದಿಯನ್ನು ಸಮತಟ್ಟಾಗಿ ಉಜ್ಜಿ ಮತ್ತೆ ಹಾಕಬೇಕು. ಇಕ್ಕಳದಿಂದ ಬಿಗಿಯುವವರಿದ್ದಾರೆ, ಅದರಿಂದ ಎಳೆ ಸವೆದು ಕ್ಲ್ಯಾಂಪೇ ಹಾಳಾಗುತ್ತದೆ.

ಮೇಜು ಬ್ಲೇಡಿಗೆ ಲಂಬವಾಗಿದೆಯೇ ಎಂದು ನೋಡಲು ಯಂತ್ರದ ಮೇಲಿರುವ ಡಿಗ್ರಿ ಪಟ್ಟಿಯನ್ನು ನಂಬಬೇಡಿ. ಒಂದೂವರೆ ಇಂಚಿಗಿಂತ ಎತ್ತರವಿರುವ ಮರದ ತುಂಡಿನಲ್ಲಿ ಎರಡು ಮಿಲಿಮೀಟರ್ ಆಳದ ಸೀಳೊಂದನ್ನು ಹಾಕಿ, ಯಂತ್ರ ನಿಲ್ಲಿಸಿ, ಆ ತುಂಡನ್ನು ಬ್ಲೇಡಿನ ಹಿಂದಕ್ಕೆ ಒಯ್ದು ಅದೇ ಸೀಳು ಬ್ಲೇಡಿನ ಬೆನ್ನಿಗೆ ಎದುರಾಗುವಂತೆ ಹಿಡಿಯಿರಿ. ಬ್ಲೇಡ್ ಸೀಳಿನೊಳಗೆ ಮೇಲಿನಿಂದ ಕೆಳಗಿನವರೆಗೆ ತಡೆಯಿಲ್ಲದೆ ಇಳಿದರೆ ಮೇಜು ಸರಿಯಾಗಿದೆ. ಓರೆಯಿದ್ದರೆ ಅದು ಇಲ್ಲಿ ಎರಡು ಪಟ್ಟಾಗಿ ಕಾಣುವುದರಿಂದ ಸೂಕ್ಷ್ಮ ವ್ಯತ್ಯಾಸವೂ ಮರೆಯಾಗುವುದಿಲ್ಲ. ಬ್ಲೇಡ್ ಏರಿಳಿಯುವಾಗ ಹಿಂದೆ ಮುಂದೆ ಎಷ್ಟು ಓಲಾಡುತ್ತದೆ ಎಂಬುದನ್ನೂ ಮೂಲೆಮಟ್ಟವನ್ನು ಬೆನ್ನಿಗೆ ತಾಗಿಸಿಟ್ಟು, ಯಂತ್ರವನ್ನು ಕೈಯಿಂದಲೇ ತಿರುಗಿಸಿ ನೋಡಬೇಕು. ಎಕ್ಸ್‌ಕ್ಯಾಲಿಬರ್ ಮಾದರಿಯಲ್ಲಿ ಮೋಟರಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ತುಸು ತಿರುಗಿಸಿದರೆ ಈ ಓಲಾಟ ತಗ್ಗುತ್ತದೆ. ಓಲಾಟ ಹೆಚ್ಚಿದ್ದರೆ ಯಂತ್ರ ಹಸಿದಂತೆ ಮರವನ್ನು ಎಳೆದುಕೊಳ್ಳುತ್ತದೆ, ಸಣ್ಣ ತಿರುವುಗಳು ಕೈಗೆ ಒಗ್ಗುವುದಿಲ್ಲ.

ಉಳಿದ ನಿರ್ವಹಣೆ ಸರಳವಾದರೂ ತಪ್ಪಿಸಬಾರದ್ದು. ಗಿಡ್ಡ ಕೊಂಡಿಗಳ ಯಂತ್ರಗಳಲ್ಲಿ ಪ್ರತಿ ಕೀಲಿನಲ್ಲೂ ಸೂಜಿ ಬೇರಿಂಗುಗಳಿರುತ್ತವೆ. ಅವು ಪೂರ್ಣ ಸುತ್ತು ತಿರುಗದೆ ಅಲ್ಲಲ್ಲೇ ಓಲಾಡುವುದರಿಂದ ಗ್ರೀಸು ಒಂದು ಬದಿಗೆ ಸರಿದು, ಒಣಗಿದ ಜಾಗ ಸವೆಯತೊಡಗುತ್ತದೆ. ಹೊಸದಾಗಿ ಟಕಟಕ ಸದ್ದು ಕೇಳಿಸಿದರೆ ಕಾಯದೆ ಆ ಕೀಲನ್ನು ಬಿಚ್ಚಿ ಒರೆಸಿ ಹೊಸ ಗ್ರೀಸ್ ತುಂಬಬೇಕು. ಮೇಜಿಗೆ ಮೇಣ ಹಚ್ಚಿ ಉಜ್ಜಿರಿ. ಸಿಲಿಕೋನ್ ಇರುವ ಪಾಲಿಶ್ ಬೇಡ, ಅದು ಮರಕ್ಕೆ ಅಂಟಿಕೊಂಡರೆ ಮುಂದೆ ವಾರ್ನಿಶ್ ಕೂರುವುದಿಲ್ಲ. ಕೆಲಸ ಮುಗಿದಾಗ ಬಿಗಿತವನ್ನು ಸಡಿಲಿಸಿಡಿ. ಹೊಟ್ಟು ಊದುವ ಕೊಳವೆ ಬಿರುಕು ಬಿಡುವ ಭಾಗ, ಅದು ಹೋದರೆ ಮೀನುತೊಟ್ಟಿಯ ಗಾಳಿ ಪಂಪು ಅದರ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆ ಗಾಳಿ ಗೆರೆಯ ಮೇಲಿನ ಹೊಟ್ಟನ್ನು ನಿಮ್ಮ ಮುಖದ ಕಡೆಗೇ ಕಳಿಸುವ ಸಂಭವವಿರುವುದರಿಂದ, ವಿಶೇಷವಾಗಿ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕೊಯ್ಯುವಾಗ, ಒಳ್ಳೆಯ ಮುಖಗವಸು ಅಗತ್ಯ. ಕಾಲಿನಿಂದ ಒತ್ತುವ ಸ್ವಿಚ್ಚನ್ನು ಮಾತ್ರ ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಬ್ಲೇಡ್ ತುಂಡಾದ ಕ್ಷಣದಲ್ಲಿ ಹಲಗೆಯಿಂದ ಕೈ ತೆಗೆಯದೆ ಯಂತ್ರವನ್ನು ನಿಲ್ಲಿಸಬಹುದು.

ಹಳೆಯ ಯಂತ್ರ ಕೊಳ್ಳಲು ಹೋದಾಗ ಬಣ್ಣ ನೋಡಬೇಡಿ. ವಿದ್ಯುತ್ ತೆಗೆದು, ಬ್ಲೇಡ್ ಸಿಕ್ಕಿಸಿ, ತೋಳಿನ ತುದಿಯನ್ನು ಎಡಬಲಕ್ಕೆ ಅಲುಗಿಸಿ. ಕೈಗೆ ಸಡಿಲು ತಿಳಿದರೆ ಬೇರಿಂಗು ಸವೆದಿದೆ. ಅನಂತರ ಅತಿ ಕಡಿಮೆ ವೇಗದಿಂದ ನಿಧಾನವಾಗಿ ಏರಿಸುತ್ತಾ ಹೋಗಿ: ನಡುವೆ ಎಲ್ಲಾದರೂ ಮೋಟರ್ ತಡವರಿಸಿದರೆ ಅಥವಾ ಒಮ್ಮೆಲೇ ಹಾರಿದರೆ ವೇಗ ನಿಯಂತ್ರಣದ ಸರ್ಕ್ಯೂಟ್ ಅಥವಾ ಕಾರ್ಬನ್ ಬ್ರಶ್ಶು ಕೊನೆಯ ಹಂತದಲ್ಲಿದೆ. ಬ್ರಶ್ಶು ಸುಲಭದ ರಿಪೇರಿ, ಸರ್ಕ್ಯೂಟ್ ಅಲ್ಲ. ಕ್ಲ್ಯಾಂಪುಗಳ ಬಿಡಿಭಾಗ ಇಂದಿಗೂ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಸಿಗುವುದಿಲ್ಲವೆಂದಾದರೆ ಉಳಿದೆಲ್ಲ ಚೆನ್ನಾಗಿದ್ದರೂ ಆ ಯಂತ್ರವನ್ನು ಬಿಟ್ಟುಬಿಡುವುದೇ ಒಳಿತು.